ಅತ್ತೆಯ ಕೋಣೆಗೆ ಬರುತ್ತಿದ್ದ ಗಾಳಿ

ಮಡವಾಸ್ಕಾ, ಮೇನ್
ಡಿಸೆಂಬರ್ ಒಂಬತ್ತು, ಮಂಗಳವಾರ

ಪ್ರೀತಿಯ ಅತ್ತೇ,

ಹೇಗಿದ್ದೀರಿ? ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ? ಕನೆಟಿಕಟ್‌ನ ಚಳಿ ನಮ್ಮ ಚಳಿಯ ಮುಂದೆ ಎಳೆಕೂಸು ಎಂದು ನೀವೇ ನಗುತ್ತಿದ್ದಿರಿ, ಆದರೂ ಉಣ್ಣೆಯ ಕಾಲುಚೀಲ ಬಿಡಬೇಡಿ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದಮೇಲೆ ನಾನು ಈಗ ಕೋಲಿಲ್ಲದೆ ಅಂಗಳದವರೆಗೆ ನಡೆಯುತ್ತೇನೆ. ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೊಸ ವರ್ಷದ ನಂತರ ಬಾ ಎಂದಿದ್ದಾರೆ. ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಬೇಸರಿಸಬೇಡಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ನಾನು ಹೇಳಿದ್ದನ್ನು ಜಾನೀನ್ ನಿಮಗೆ ಕೂಗಿ ಹೇಳುವಷ್ಟರಲ್ಲಿ ಅರ್ಧ ಅವಳ ಮಾತೇ ಆಗಿರುತ್ತದೆ. ನಿಮ್ಮ ಮಗಳ ಮೇಲೆ ದೂರಲ್ಲ ಇದು. ಆದರೆ ಈ ವಿಷಯ ನೀವೇ ಓದಬೇಕು, ಅದಕ್ಕೇ ಅಕ್ಷರ ಇಷ್ಟು ದಪ್ಪಗೆ ಬರೆದಿದ್ದೇನೆ.

ಕೊನೆಗೂ ಹೀಟ್ ಪಂಪ್ ಬಂತು, ಕರೆಂಟಿನಿಂದ ಮನೆ ಬೆಚ್ಚಗಿಡುವ ಆ ಯಂತ್ರ. ನಿಮಗೆ ಅದು ಬೇಡವಾಗಿತ್ತೆಂದು ಗೊತ್ತು. "ನನ್ನ ಗಂಡ ಕೈಯಾರೆ ಹಾಕಿದ ಕೊಳವೆಗಳನ್ನ ಯಾರೂ ಮುಟ್ಟಕೂಡದು" ಎಂದು ನಿಮ್ಮ ಮಗನಿಗೆ ಗದರಿದ್ದಿರಲ್ಲ, ಆ ಮಾತನ್ನು ಅರ್ಮಾನ್ ಮರೆತಿಲ್ಲ. ಅದಕ್ಕೇ ಕೋಣೆ ಕೋಣೆಗೂ ಬಿಸಿಗಾಳಿ ಒಯ್ಯುವ ಆ ತಗಡಿನ ಕೊಳವೆಗಳನ್ನೆಲ್ಲ ಹಾಗೇ ಉಳಿಸಿಕೊಂಡು, ಎಣ್ಣೆ ಉರಿಸುವ ಫರ್ನೇಸ್ ಇದ್ದ ಜಾಗದಲ್ಲಿ ಹೊಸ ಯಂತ್ರ ಕೂರಿಸಿ, ಅದೇ ಜಾಲರಿಗಳಿಂದ ಬಿಸಿ ಬರುವಂತೆ ಮಾಡುವುದು ಎಂದು ತೀರ್ಮಾನವಾಯಿತು. ಕೆಲಸಕ್ಕೆ ಬಂದವನು ರೋಸೇರ್ ಡ್ಯೂಬೆ. ನಿಮಗೆ ನೆನಪಿರಬಹುದು, ಇಗರ್ಜಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಾನೆ. ನೆಲಮಾಳಿಗೆಗೆ ಇಳಿದು ತಗಡಿನ ಮೇಲೆ ಬಡಿದು ನೋಡಿ, "ಮಾವನೋರ ಕೆಲಸ ಅಂದ್ರೆ ಕೆಲಸ! ಇದು ನನಗಿಂತ ಗಟ್ಟಿ ಇದೆ. ಹಾಗೇ ಜೋಡಿಸಿಬಿಡ್ತೀನಿ, ಎರಡು ದಿನದ ಮಾತು" ಎಂದ.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಹೊಸ ಯಂತ್ರದ ಗಾಳಿ ಫರ್ನೇಸಿನದರಷ್ಟು ಸುಡುವುದಿಲ್ಲ, ಉಗುರುಬೆಚ್ಚಗಿನ ಗಾಳಿಯನ್ನೇ ಹೆಚ್ಚು ಹೆಚ್ಚು ಊದಿ ಮನೆ ಬೆಚ್ಚಗಿಡುತ್ತದೆ ಎಂದು ಅವನೇ ಹೇಳಿದ್ದ. ಹಾಗಾದರೆ ಕೊಳವೆಯಲ್ಲಿ ಎಲ್ಲಾದರೂ ಸೋರಿದರೆ ನಿಮ್ಮ ಕೋಣೆಯ ಗತಿಯೇನು? ನೀವು ವಾಪಸು ಬಂದು, ಮೊದಲ ದಿನವೇ ನಡುಗಿ, "ಇವಳಿಗೆ ನಾನು ಬೇಡ" ಎಂದುಕೊಂಡರೆ? ನವೆಂಬರಿನ ಕೊನೆಯ ಶನಿವಾರ ಮರ ಸಾಗಿಸುವ ಲಾರಿ ಇಳಿದು ಮನೆಗೆ ಬಂದ ಅರ್ಮಾನ್‌ಗೆ ಇದನ್ನೇ ಹೇಳಿದೆ. "ನಿನಗೆ ಚಿಂತೆ ಇಲ್ಲದಿದ್ರೆ, ಯಾಕೆ ಇಲ್ಲ ಅಂತ ಚಿಂತೆ ಮಾಡ್ತೀಯ" ಎಂದು ನಕ್ಕರು. ಆದರೂ ಆ ಸೋಮವಾರ ನಾನು ರೋಸೇರ್‌ನನ್ನು ಬಿಡಲಿಲ್ಲ. ಪೂರ್ತಿ ಕೊಳವೆ ಪರೀಕ್ಷೆ ಮಾಡಿಯೇ ಜೋಡಿಸಬೇಕು ಎಂದೆ. "ಆಯ್ತಮ್ಮ ತಾಯೀ, ನಿನ್ನ ಹತ್ರ ವಾದ ಮಾಡೋದಕ್ಕಿಂತ ಕೊಳವೆಯೊಳಗೆ ತೂರೋದೇ ಸುಲಭ" ಎಂದು ಗೊಣಗುತ್ತಾ ಇಳಿದ.

ಮನೆ ತಣ್ಣಗಾಗಬಾರದೆಂದು ಹಳೆಯ ಫರ್ನೇಸ್ ಇನ್ನೂ ಉರಿಯುತ್ತಿತ್ತು. ಅವನು ಸಣ್ಣಗೆ ಹೊಗೆ ಬಿಡುವ ಕಡ್ಡಿಯೊಂದನ್ನು ಹಚ್ಚಿ ಸಂದು ಸಂದಿಗೂ ಹಿಡಿಯುತ್ತಾ ಹೋದ. ನಾನು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದೆ. ಫರ್ನೇಸಿನ ಬೆನ್ನ ಹಿಂದೆ, ಮನೆಯ ತಣ್ಣನೆ ಗಾಳಿಯನ್ನು ಕೆಳಗೆ ಎಳೆದು ತರುವ ದೊಡ್ಡ ಕೊಳವೆ ಇದೆಯಲ್ಲ, ಅಲ್ಲಿಗೆ ಹೋದಾಗ ಕಡ್ಡಿಯ ಹೊಗೆ ಸರ್ರನೆ ಒಳಗೆ ಹೋಗಿ ಮಾಯವಾಯಿತು. ರೋಸೇರ್ ಕಡ್ಡಿಯನ್ನು ಆರಿಸಿದ. ಮೇಲೆ ಬಂದವನು ನಿಮ್ಮ ಕೋಣೆಗೆ ಹೋಗಿ, ಜಾಲರಿಯ ಬಳಿ ಗಾಳಿ ಪರೀಕ್ಷಿಸುವ ತನ್ನ ಪುಟ್ಟ ಯಂತ್ರ ಹಿಡಿದ. ಅದು ಕೀಚಲು ದನಿಯಲ್ಲಿ ಕೂಗಿಕೊಂಡಿತು. "ಲುಸೆಟ್, ಹೊರಗೆ ನಡಿ. ಕೋಟು ಗೀಟು ಆಮೇಲೆ. ನಡಿ ನಡಿ" ಎಂದ. ಅವನ ಮುಖ ನೋಡಿ ಕೋಟಿಲ್ಲದೆಯೇ ಅಂಗಳಕ್ಕೆ ಇಳಿದೆ.

ಅತ್ತೆ, ಹೆದರಬೇಡಿ, ಈಗ ಎಲ್ಲ ಸರಿಯಾಗಿದೆ. ಆದದ್ದು ಇಷ್ಟು. ಆ ದೊಡ್ಡ ಕೊಳವೆಯ ಸಂದು ವಯಸ್ಸಾಗಿ ಬಾಯಿ ಬಿಟ್ಟಿತ್ತು. ಚಿಮಣಿಗೆ ಹೋಗಬೇಕಾದ ಫರ್ನೇಸಿನ ವಿಷದ ಹೊಗೆ ಸ್ವಲ್ಪ ಸ್ವಲ್ಪವೇ ಅದರೊಳಗೆ ಸೇರಿಕೊಂಡು, ಬಿಸಿಗಾಳಿಯ ಜೊತೆ ಮತ್ತೆ ಮನೆಯೊಳಕ್ಕೇ ಬರುತ್ತಿತ್ತು. ಬಿಸಿಗಾಳಿಯ ಕೊಳವೆಯ ಮೊದಲ ಕವಲು ನಿಮ್ಮ ಕೋಣೆಯದು. ಗೋಡೆಯ ಮೇಲಿನ ಎಚ್ಚರಿಕೆಯ ಗಂಟೆ ಕೂಗುವಷ್ಟು ಹೆಚ್ಚಿರಲಿಲ್ಲವಂತೆ, ಆದರೆ ದಿನವಿಡೀ ಅದನ್ನೇ ಉಸಿರಾಡುವವರಿಗೆ ಏನೂ ಆಗದಷ್ಟು ಕಡಿಮೆಯೂ ಇರಲಿಲ್ಲ. ಎಣ್ಣೆಯ ವಾಸನೆ ಬಂದರೆ ನಾವು ಅದು ಚಳಿಗಾಲದ ವಾಸನೆ ಎಂದುಕೊಂಡಿದ್ದೆವು. ನಾನು, ಅರ್ಮಾನ್ ಕೆಲಸಕ್ಕೆ ಹೋಗುತ್ತಿದ್ದೆವು. ಬಾಗಿಲು ಮುಚ್ಚಿಕೊಂಡು ಆ ಕೋಣೆಯಲ್ಲಿ ಕೂರುತ್ತಿದ್ದವರು ನೀವೊಬ್ಬರೇ. ಮಾವನವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವರು ಹಾಕಿದ ತಗಡೆಲ್ಲ ಇವತ್ತಿಗೂ ನೆಟ್ಟಗಿದೆ, ಅದನ್ನೇ ಉಳಿಸಿಕೊಂಡಿದ್ದೇವೆ. ಸಂದುಗಳಿಗೆಲ್ಲ ಮೆತ್ತಿ, ಗಾಳಿ ಎಳೆಯಲು ಪಡಸಾಲೆಯಲ್ಲಿ ಇನ್ನೊಂದು ಬಾಯಿ ಕೊರೆದಿದ್ದಾರೆ, ಅಷ್ಟೇ.

ಕೆಲಸ ಮುಗಿಯುವವರೆಗೆ ಎದುರುಮನೆ ಅಲ್ಫೋಂಸಿನ್ ತನ್ನ ಮನೆಯಲ್ಲೇ ನನ್ನನ್ನು ಇಟ್ಟುಕೊಂಡಳು. "ಸೊಸೆ ಮನೇಲಿ ತಲೆನೋವು, ಮಗಳ ಮನೇಲಿ ಆರಾಮ, ಇದೆಂಥ ಕಾಯಿಲೆಯಪ್ಪಾ" ಎಂದು ನಿಮ್ಮ ಬಗ್ಗೆ ಇಗರ್ಜಿಯ ಬಾಗಿಲಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದಳಲ್ಲ, ಅವಳೇ. ವಿಷಯ ತಿಳಿದದ್ದೇ ಒಲೆ ಹಚ್ಚಿದಳು. ಹುರುಳಿಹಿಟ್ಟಿನಂಥ ಆ ಬಕ್‌ವೀಟ್ ಹಿಟ್ಟು ಕಲಸಿ ದೋಸೆ ಹುಯ್ದಳು, ಮೇಲೆ ಬೆಣ್ಣೆ ಸುರಿದಳು, ಸಾಕೆಂದರೂ ಬಿಡದೆ ಇನ್ನೆರಡು ಹಾಕಿದಳು. ಅದೇ ಅವಳ ಕ್ಷಮಾಪಣೆ ಎಂದುಕೊಂಡು ತಿಂದೆ.

ಇನ್ನೊಂದು ಮಾತು, ಅರ್ಮಾನ್‌ಗೂ ಮೊನ್ನೆಯವರೆಗೆ ಹೇಳಿರಲಿಲ್ಲ. ಮೊಣಕಾಲು ಕೊಯ್ಸಿಕೊಂಡು ಮೆಟ್ಟಿಲು ಹತ್ತಲಾಗದೆ ಅಕ್ಟೋಬರಿನಿಂದ ನಿಮ್ಮ ಕೋಣೆಯಲ್ಲೇ ಮಲಗುತ್ತಿದ್ದೆ. ಕೆಲವು ವಾರಗಳಲ್ಲೇ ಬೆಳಗ್ಗೆ ಎದ್ದರೆ ತಲೆ ಸಿಡಿತ. ಕಾಫಿಗೆ ಉಪ್ಪು ಹಾಕಿದೆ. ಅಲ್ಫೋಂಸಿನ್ ಹೆಸರು ನಾಲಿಗೆಯ ಮೇಲಿದ್ದೂ ಬಾಯಿಗೆ ಬರಲಿಲ್ಲ. ನೀವು ಇದೇ ಮಂಚದ ಮೇಲೆ ಕುಳಿತು, "ಲುಸೆಟ್, ನನ್ನ ತಲೆಯೊಳಗೆ ಮಂಜು ಬೀಳ್ತಾ ಇದೆ" ಎಂದದ್ದು ನೆನಪಾಗಿ, ನನಗೂ ಆ ಮರೆವಿನ ಕಾಯಿಲೆ ಬಂತೆಂದು ಯಾರಿಗೂ ಹೇಳದೆ ಕಣ್ಣೀರು ಹಾಕಿದೆ. ಈಗ ತಲೆನೋವು ಹೋಗಿದೆ. ಡಾಕ್ಟರಮ್ಮನ ಬಳಿ ನಿಮ್ಮ ವಿಷಯವನ್ನೂ ಕೇಳಿದೆ. ಬೇಸಿಗೆಯಲ್ಲಿ ಹಗುರ, ಚಳಿಗಾಲದಲ್ಲಿ ಜಾಸ್ತಿ, ಕನೆಟಿಕಟ್‌ಗೆ ಹೋದಮೇಲೆ ಸುಧಾರಣೆ, ಎಲ್ಲ ಹೇಳಿದೆ. "ಹೊಗೆಯ ಕೈವಾಡ ಇದ್ದಿರಲೇಬೇಕು. ಆದ್ರೆ ಎಲ್ಲಾ ಮರೆವೂ ಅದರಿಂದಲೇ ಅಂತ ನಾನು ಆಣೆ ಮಾಡಲಾರೆ" ಎಂದರು. ಸುಳ್ಳು ಭರವಸೆ ಕೊಡಬಾರದೆಂದು ಅವರ ಮಾತನ್ನು ಇದ್ದಂತೆಯೇ ಬರೆದಿದ್ದೇನೆ.

ಹೊಸ ಯಂತ್ರಕ್ಕೆ ಇನ್ನೂ ಹೊಂದಿಕೊಂಡಿಲ್ಲ. ಜಾಲರಿಗೆ ಕೈ ಹಿಡಿದರೆ ಬಿಸಿಯೇ ಅನ್ನಿಸುವುದಿಲ್ಲ, ಆದರೆ ಕೋಣೆ ಬೆಚ್ಚಗಿರುತ್ತದೆ. ಶುಕ್ರವಾರ ಬೆಳಗ್ಗೆ ನದಿಯ ಕಡೆಯಿಂದ ಕೊರೆಯುವ ಗಾಳಿ ಬೀಸಿ ಬಾಗಿಲ ಹಿಡಿ ಬೆರಳಿಗೆ ಅಂಟುವಂತಿತ್ತು. ಹಿತ್ತಲಲ್ಲಿ ಹಿಮಕ್ಕೆ ಸಿಗದಂತೆ ಎತ್ತರದ ಕಾಲಿನ ಮೇಲೆ ನಿಲ್ಲಿಸಿದ, ಯಂತ್ರದ ಹೊರಗಿನ ಪೆಟ್ಟಿಗೆಯಿಂದ ಒಮ್ಮೆಲೇ ಬುಸ್ಸೆಂದು ಬಿಳಿ ಮೋಡ ಎದ್ದಿತು. ಬೆಂಕಿ ಬಿತ್ತೆಂದು ಬಕೆಟ್ ನೀರು ಹಿಡಿದು ಕುಂಟುತ್ತಾ ಓಡಿದೆ. ರೋಸೇರ್‌ಗೆ ಫೋನು ಮಾಡಿದರೆ ಬಿದ್ದು ಬಿದ್ದು ನಕ್ಕ. "ಅದು ಮೈಮೇಲಿನ ಮಂಜು ಕರಗಿಸಿಕೊಳ್ತಾ ಇದೆ ಕಣಮ್ಮ, ಸ್ನಾನ ಮಾಡೋರನ್ನ ಹಾಗೆಲ್ಲ ನೋಡಬಾರದು!" ನಾನು ನಗಲಿಲ್ಲ. ವಿಪರೀತ ಚಳಿಗೆ ಒಳಗೆ ಕರೆಂಟಿನ ಸುರುಳಿಗಳಿವೆಯಂತೆ, ಕರೆಂಟೇ ಹೋದರೆ ಏನು ಮಾಡುವುದೆಂದು ಅಡುಗೆಮನೆಯ ಕಟ್ಟಿಗೆ ಒಲೆಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ನಿಮ್ಮ ಕೋಣೆಗೆ ದಿನಕ್ಕೆ ಹತ್ತು ಸಲ ಹೋಗಿ ಗಾಳಿ ಮೂಸುತ್ತೇನೆ. ಏನೂ ವಾಸನೆ ಇಲ್ಲ. ಆದರೂ ಹೋಗುತ್ತೇನೆ.

ಜಾನೀನ್‌ಗೂ ಮಕ್ಕಳಿಗೂ ನನ್ನ ನೆನಪು ಹೇಳಿ. ಅರ್ಮಾನ್ ನಿಮ್ಮ ಕೈಗೆ ಮುತ್ತಿಟ್ಟಿದ್ದಾರೆ. ನಿಮ್ಮ ಜಪಮಾಲೆಯಲ್ಲಿ ನಮಗೂ ಒಂದು ಮಣಿ ಇರಲಿ.

ನಿಮ್ಮ ಸೊಸೆ,
ಲುಸೆಟ್

ಅವಸರದಲ್ಲಿ, ಅಂಚೆಯವಳ ಗಾಡಿ ತಿರುವಿನಲ್ಲಿ ಕಾಣುತ್ತಿದೆ: ಬರುವ ಸೋಮವಾರ ನೀವು ಆ ವೃದ್ಧರ ನಿವಾಸಕ್ಕೆ ಹೋಗಿ, ಅಲ್ಲೇ ಇರಲು ಸಹಿ ಹಾಕುತ್ತೀರೆಂದು ಜಾನೀನ್ ಹೇಳಿದಳು. ಇಷ್ಟುದ್ದ ಬರೆದರೂ ಅದನ್ನು ಕೇಳಲು ಧೈರ್ಯ ಬರಲಿಲ್ಲ. ಸಹಿ ಹಾಕಬೇಡಿ ಅತ್ತೆ. ಅದಕ್ಕೂ ಮೊದಲೇ, ಈ ಶನಿವಾರ, ಅರ್ಮಾನ್ ಜೊತೆ ನಾನೂ ಬರುತ್ತಿದ್ದೇನೆ, ನಿಮ್ಮ ಬಟ್ಟೆ ಕಟ್ಟಿಟ್ಟುಕೊಂಡಿರಿ. ಮರೆತದ್ದು ತಿರುಗಿ ಬಂದರೆ ಬರಲಿ, ಬಾರದಿದ್ದರೆ ಹೇಳಿಕೊಡಲು ನಾನಿದ್ದೇನೆ. ನನ್ನನ್ನು ಯಾವ ಹೆಸರಿನಿಂದ ಕೂಗಿದರೂ ಬರುತ್ತೇನೆ.