ಕೊನೆಯ ಹಲ್ಲು

ಅಕ್ಕಾ,

ನನ್ನ ಕೆಮ್ಮು ಇಳಿದಿದೆ, ಚಿಂತೆ ಬೇಡ. ಅಗೆದು ತಂದ ಹಳೇ ಮೂಳೆಗಳ ಮಣ್ಣು ಬಿಡಿಸುವುದೇ ಇಲ್ಲಿ ನನ್ನ ಕೆಲಸ. ನಿನ್ನೆ ಮ್ಯಾಮತ್ ಎಂಬ ಆನೆಯ ದವಡೆ ಬಂತು. ಮೈತುಂಬ ಕೂದಲಿದ್ದ ಆನೆಯಂತೆ. ಆ ಜಾತಿಯೇ ಈಗಿಲ್ಲ. ಒರೆಸಿ ನೋಡಿದರೆ ಹಲ್ಲು ನುಣ್ಣಗೆ, ಒಂದು ಏಣೂ ಇಲ್ಲ. ನಾನೇ ತಿಕ್ಕಿ ಹಾಳುಮಾಡಿದೆನೆಂದು ಹೆದರಿ, ತೋರಿಸಲು ಓಡಿದೆ.

ನಮ್ಮ ಮೇಡಂ ನಕ್ಕರು. "ನೀನಲ್ಲ ಕಣಮ್ಮ, ಅದೇ ತಿಂದೂ ತಿಂದೂ ಸವೆಸ್ಕೊಂಡಿದ್ದು. ಆರು ಸಲ ಹಲ್ಲು ಬರುತ್ತೆ, ಇದು ಕೊನೇದು. ಜೊತೆಗಿದ್ದ ಮಣ್ಣಲ್ಲಿ ಬೇಕಾದಷ್ಟು ಹುಲ್ಲಿನ ಬೀಜ ಸಿಕ್ಕಿದೆ. ಮೇವಿನ ಮಧ್ಯೆನೇ ನಿಂತು, ಅಗಿಯೋಕಾಗ್ದೆ ಹಸಿದು ಸತ್ತಿದೆ, ಪಾಪ."

ನಿನ್ನ ಕಾಗದ ನೆನಪಾಯಿತು. ಅಪ್ಪನಿಗೆ ಹಟ ಹೆಚ್ಚಾಗಿದೆ, ನಿನ್ನ ಅಡುಗೆ ಸೇರುವುದಿಲ್ಲ, ತುತ್ತನ್ನು ಉಗಿದು ತಟ್ಟೆಯಡಿ ಮುಚ್ಚಿಡುತ್ತಾರೆ ಎಂದು ನೀನು ಬರೆದಿದ್ದೆ. ಅವರಿಗೆ ಬೈಯಬೇಡ ಅಕ್ಕಾ. ಒಮ್ಮೆ ಬಾಯಿ ತೆರೆಸಿ ನೋಡು, ಹಲ್ಲಿನ ಡಾಕ್ಟರಿಗೂ ತೋರಿಸು. ಅಲ್ಲಿಯವರೆಗೆ ಅನ್ನ ಮೆತ್ತಗೆ ಮಾಡಿ, ಕೇಳದೆಯೇ ಕಿವುಚಿಕೊಡು. ಅಮ್ಮ ಹೋದ ಮೇಲೆ ನಮ್ಮಿಬ್ಬರಿಗೂ ಕಿವುಚಿ ತಿನ್ನಿಸಿದವರು, ಈಗ "ನಂಗೂ ಕಿವುಚಿಕೊಡಮ್ಮ" ಎಂದು ಯಾವ ಬಾಯಲ್ಲಿ ಕೇಳಿಯಾರು?

ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ