ನೀವು ಅಂದ ‘ಪಾಸ್’

ರೀ,

ಸಾರು ಒಲೆ ಮೇಲಿದೆ. ಹಾಲು ಕಾಯಿಸಿಲ್ಲ, ಕೆಲಸಕ್ಕೆ ಹೋಗುವ ಲೋಕಲ್ ರೈಲಿಗೆ ಹೊತ್ತಾಯಿತು. ನಿಮ್ಮನ್ನು ಎಬ್ಬಿಸಲೂ ಮನಸ್ಸು ಬರಲಿಲ್ಲ.

ನಿನ್ನೆ ನೀವು ಮನೆಯಿಂದಲೇ ಟ್ರಂಕ್ ಕಾಲ್‌ನಲ್ಲಿ ನಿಮ್ಮ ಆಫೀಸಿನ ಪುಣೆ, ನಾಗಪುರ ಬ್ರಾಂಚಿನವರಿಗೆ ಕ್ವಿಜ್ ನಡೆಸುತ್ತಿದ್ದಾಗ ಅತ್ತೆ ಬಂದು, “ನಳಿನಿ ರಿಸಲ್ಟ್ ಏನಾಯ್ತೋ?” ಅಂತ ಕೇಳಿದರಂತೆ. ನೀವು “ಪಾಸ್!” ಅಂದಿರಂತೆ. ನಾಗಪುರದವರಿಗೆ ಉತ್ತರ ಬರದ್ದಕ್ಕೆ ಪ್ರಶ್ನೆ ಪುಣೆಗೆ ದಾಟಿಸಿದಿರಿ ಅಂತ ಅವರಿಗೇನು ಗೊತ್ತು? ಬಿಲ್ಡಿಂಗಿಗೆಲ್ಲ ಪೇಡೆ ಹಂಚಿಬಿಟ್ಟಿದ್ದಾರೆ.

ನಮ್ಮ ಹುಡುಗಿ ಲೆಕ್ಕದಲ್ಲಿ ಫೇಲು. ಪೇಡೆ ನೋಡಿದವಳೇ ಊಟ ಬಿಟ್ಟು ಮುಸುಕೆಳೆದು ಮಲಗಿದ್ದಾಳೆ.

ಇವತ್ತು ರಜೆ ಹಾಕಿ. ಅತ್ತೆಗೆ ನೀವೇ ಹೇಳಿ. ನಳಿನಿ ಎದ್ದು, “ಅಪ್ಪಾ, ಬೈತೀಯಾ?” ಅಂದರೆ ಹತ್ತಿರ ಕೂರಿಸಿಕೊಂಡು ಉತ್ತರ ಕೊಡಿ. ಪಾಸ್ ಅನ್ನಬೇಡಿ. ಮುಂದಿನ ಟೀಮು ನಾನೇ ತಾನೇ, ಆಗಲೇ ಲೋಕಲ್ ಹತ್ತಿರುತ್ತೇನೆ.

ಸುಮಿತ್ರಾ