ಬೆರಳು ಇದ್ದಲ್ಲಿಗೆ ಕೀ

ನಂಜನಗೂಡು
21ನೇ ಜುಲೈ 2025, ಸೋಮವಾರ

ಪ್ರೀತಿಯ ಅರ್ಪಿತಾ,

ನಿನ್ನ ಅತ್ತೆ ಗುರುಬಸಮ್ಮ ನಂಜನಗೂಡಿನಿಂದ ಸೋಮನಾಥಪುರದವರೆಗೂ ಕೈ ಚಾಚಿ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ಹೇಗಿದ್ದೀಯ? ಹೋಗುವಾಗ ಇದ್ದ ಕೆಮ್ಮು ಹೋಯಿತೇ? ಮೆಣಸಿನ ಕಷಾಯ ಎಂದರೆ ಮೂತಿ ತಿರುಗಿಸುತ್ತೀಯ, ನಿನ್ನ ಅಮ್ಮನಾದರೂ ಮೂಗು ಹಿಡಿದು ಕುಡಿಸಿರಬೇಕು. ಬೀಗಿತ್ತಿಯವರ ಮಂಡಿನೋವು ಹೇಗಿದೆ? ಬೀಗರ ಗದ್ದೆಗೆ ನಾಲೆ ನೀರು ಬಂತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಾವನವರ ಸಕ್ಕರೆ ಕಾಯಿಲೆ ಇದ್ದ ಹಾಗೇ ಇದೆ, ಕದ್ದು ರಸಬಾಳೆ ತಿನ್ನುವುದೂ ಇದ್ದ ಹಾಗೇ ಇದೆ. ಕಪಿಲೆ ತುಂಬಿ ಹರಿಯುತ್ತಿದ್ದಾಳೆ, ಸ್ನಾನಘಟ್ಟದ ಮೆಟ್ಟಿಲುಗಳು ಕಾಣುತ್ತಿಲ್ಲ. ಇಲ್ಲಿಂದ ಹೊರಟ ನೀರು ನಿಮ್ಮ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅದಕ್ಕೆ ಆಷಾಢವೂ ಇಲ್ಲ, ಅತ್ತೆಮನೆಯೂ ಇಲ್ಲ. ನಮಗೆ ಮಾತ್ರ ಎಲ್ಲವೂ ಇದೆ ನೋಡು.

ಫೋನ್ ಇರುವಾಗ ಅತ್ತೆಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನಗಬೇಡ. ಫೋನಿನಲ್ಲಿ ನೀನು "ಹ್ಞೂ ಅತ್ತೆ", "ಸರಿ ಅತ್ತೆ" ಬಿಟ್ಟು ಬೇರೇನೂ ಹೇಳುತ್ತಿಲ್ಲ. ನಾನು ಹೇಳೋಣವೆಂದರೆ ಪಕ್ಕದಲ್ಲಿ ನಿನ್ನ ಮಾವನವರ ಕಿವಿ ನೆಟ್ಟಗಾಗುತ್ತದೆ. ನಮ್ಮ ಅಂಗಡಿಯ ಪುಟ್ಟಸ್ವಾಮಿ ಮಧ್ಯಾಹ್ನ ಸರಕು ಹಾಕಲು ನಿಮ್ಮ ಕಡೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ವಿಷಯ ಏನೆಂದರೆ, ಮೊನ್ನೆ ನಿನ್ನ ಅಮ್ಮ ಮಾತಿನ ನಡುವೆ "ಸ್ರಾವಣದಲ್ಲೂ ಒಸಿ ದಿನ ಇಲ್ಲೇ ಇರ್ಲಿ ಬುಡಿ" ಎಂದರು. ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ಕೇಳಲು ನನಗೂ ಧೈರ್ಯ ಬರಲಿಲ್ಲ. ಆಮೇಲೆ ನೆನಪಾಯಿತು, ಒಂದು ತಿಂಗಳಿಗೆಂದು ಹೋದವಳು ಬೀರುವಿನಿಂದ ಸ್ವೆಟರನ್ನೂ ತೆಗೆದುಕೊಂಡು ಹೋಗಿದ್ದೀಯ. ಆಷಾಢಕ್ಕೆ ತವರಿಗೆ ಹೋಗುವ ಹುಡುಗಿಗೆ ಚಳಿಗಾಲದ ಸ್ವೆಟರು ಯಾಕಮ್ಮಾ? ಅದಕ್ಕೇ ಈ ಕಾಗದ.

ಮೊದಲು ಬೆಂಕಿಯ ವಿಷಯ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಆಟದಲ್ಲಿ ನಾವಿಬ್ಬರೂ ಸೇರಿ ಹೊಳೆದಂಡೆಯ ಮೇಲೆ ಕಟ್ಟಿದ್ದ ಮನೆಯ ಚಾವಣಿ ಸುಟ್ಟುಹೋಗಿರುವುದನ್ನು ನೀನು ನಿನ್ನ ತಮ್ಮನ ಲ್ಯಾಪ್‌ಟಾಪಿನಲ್ಲಿ ನೋಡಿದ್ದೀಯ. ನೋಡಿದವಳು ಅಂದಿನಿಂದ ಆಟಕ್ಕೆ ಬಂದೇ ಇಲ್ಲ. ಅತ್ತೆ ಸಿಟ್ಟಿಗೆ ಸುಟ್ಟಳು ಎಂದುಕೊಂಡೆಯಾ, ಇಲ್ಲ ನಿನ್ನ ಗಂಡ ಸುಟ್ಟ ಎಂದುಕೊಂಡೆಯಾ? ಸುಟ್ಟವಳು ನಾನೇ. ಆದರೆ ಸಿಟ್ಟಿಗಲ್ಲ ಕಣಮ್ಮ, ಹಸಿವಿಗೆ.

ನಡೆದದ್ದು ಇಷ್ಟು. ನಿನ್ನ ಗಂಡ ಅಮೃತೇಶ ನೀನಿಲ್ಲದೆ ತೋಟದಲ್ಲಿ ಒಂಟಿ ಬಿಟ್ಟ ಕರುವಿನ ಹಾಗೆ ಓಡಾಡಿಕೊಂಡಿದ್ದ. ಆಷಾಢದಲ್ಲಿ ಅಳಿಯ ಮಾವನ ಮನೆಗೆ ಹೋಗುವಂತಿಲ್ಲ, ಆಟದಲ್ಲಾದರೂ ಹೆಂಡತಿಯನ್ನು ನೋಡೋಣವೆಂದು ಒಂದು ಸಂಜೆ ಕಂಪ್ಯೂಟರಿನ ಮುಂದೆ ಕೂತ. ನೀನು ನಿನಗೊಂದು ಥರ, ನನಗೊಂದು ಥರ ಇಟ್ಟಿದ್ದ ಕೀಗಳು ಅವನಿಗೆ ಅರ್ಥವಾಗಲಿಲ್ಲ. ಏನು ಒತ್ತಿದರೆ ಏನಾಗುತ್ತದೋ ತಿಳಿಯದೆ, ಎಲ್ಲವನ್ನೂ ಮೊದಲಿನಂತೆ ಮಾಡುವ ಬಟನ್ನು ಒತ್ತಿಬಿಟ್ಟ. ನನ್ನ ಹತ್ತಿರ ಒಂದು ಮಾತೂ ಹೇಳಲಿಲ್ಲ. ಮಾರನೆಯ ದಿನ ನಾನು ಆಟಕ್ಕೆ ಹೋದೆ. ಕತ್ತಲಾಗುತ್ತಿತ್ತು, ಕೈಯಲ್ಲಿ ಪಂಜು ಇತ್ತು, ಹಸಿವು ತೋರಿಸುವ ಹೊಟ್ಟೆಯ ಗೆರೆ ಕೆಂಪಾಗಿತ್ತು. ತಿನ್ನೋಣವೆಂದು ನೀನು ಹೇಳಿಕೊಟ್ಟ ಹಾಗೆ ಜಿ ಒತ್ತಿದೆ. ಜಿ ಆಗಲೇ ಎಸೆಯುವ ಕೀ ಆಗಿಹೋಗಿತ್ತು. ಪಂಜು ಹೋಗಿ ಹುಲ್ಲಿನ ಚಾವಣಿಯ ಮೇಲೆ ಕೂತಿತು. ಓಡಿಹೋಗಿ ನೀರು ತರೋಣವೆಂದು ಸ್ಪೇಸ್ ಬಾರ್ ಒತ್ತಿದರೆ ಓಡುವ ಬದಲು ನಿಂತಲ್ಲೇ ಕುಪ್ಪಳಿಸುತ್ತಿದ್ದೇನೆ! ಮನೆ ಉರಿಯುತ್ತಿದೆ, ಮನೆಯೊಡತಿ ಅಂಗಳದಲ್ಲಿ ಕುಣಿಯುತ್ತಿದ್ದಾಳೆ. ಹಸು ಹಗ್ಗ ಕಿತ್ತುಕೊಂಡು ಕಾಡಿಗೆ ಹೋಯಿತು. ನಗು ಬಂದರೆ ನಕ್ಕುಬಿಡು, ನನಗಂತೂ ಅವತ್ತು ಕಣ್ಣಲ್ಲಿ ನೀರು ಬಂದಿತ್ತು. ಅಮೃತೇಶನನ್ನು ಕೇಳಿದರೆ "ಅಡ್ಡಾದಿಡ್ಡಿ ಇದ್ವು ಕಣವ್ವ, ಸರ್ಯಾಗಿ ಮಡಗ್ದೆ" ಎಂದ. ಚೆನ್ನಾಗಿ ಉಗಿದಿದ್ದೇನೆ. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ, ನಿನ್ನನ್ನು ನೋಡಲು ಹೋಗಿ ಮಾಡಿದ ತಪ್ಪು ಅದು.

ಅಡ್ಡಾದಿಡ್ಡಿಯಂತೆ! ಅವನಿಗೇನು ಗೊತ್ತು. ನೀನು ಮದುವೆಯಾಗಿ ಬಂದಾಗ ಕನ್ನಡಿ ಮೇಜಿನ ಬದಲು ಕಂಪ್ಯೂಟರು ಹೊತ್ತು ತಂದೆ ಎಂದು ಬೀದಿಯವರು ಆಡಿಕೊಂಡರು. ನಾನೂ ಒಳಗೊಳಗೇ, ಇದೇನಪ್ಪ ಹೆಣ್ಣು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ನಿನ್ನ ಜೊತೆ ಆಟ ಆಡುತ್ತಿದ್ದ ಗೆಳತಿಯರಲ್ಲಿ ಒಬ್ಬಳು ಪರೀಕ್ಷೆ ಎಂದು ಕೈಕೊಟ್ಟಾಗ "ಅತ್ತೆ, ಸುಮ್ನೆ ಕೂತು ಆ ಹಸು ಒಂದು ನೋಡ್ಕೊಳ್ಳಿ ಸಾಕು" ಎಂದೆ. ಹಸು ಕಾಯಲು ಬಂದವಳು ಅಲ್ಲೇ ಬೇರು ಬಿಟ್ಟೆ. ಆದರೆ ಕಾಡುಪ್ರಾಣಿ ಬಂದರೆ ನನಗೆ ಓಡಲು ಆಗುತ್ತಿರಲಿಲ್ಲ. ಓಡಬೇಕಾದರೆ ಎಡಗೈ ಕಿರುಬೆರಳಿನಲ್ಲಿ ಶಿಫ್ಟ್ ಅದುಮಿ ಹಿಡಿದಿರಬೇಕು. ನನ್ನ ಕಿರುಬೆರಳು ಅಂಗಡಿಯ ಷಟರಿಗೆ ಸಿಕ್ಕಿ ಎಷ್ಟೋ ವರ್ಷವಾಯಿತು, ಬಗ್ಗುವುದೇ ಇಲ್ಲ. ನನಗೆ ಕೈಲಾಗದು ಎಂದು ಏಳಲು ಹೋದೆ. ನೀನು ಕೈ ಹಿಡಿದು ಕೂರಿಸಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದೆ. ಈ ಮನೆಯಲ್ಲಿ ಯಾರೂ ನನ್ನ ಕೈಯನ್ನು ಹಾಗೆ ಹಿಡಿದು ನೋಡಿರಲಿಲ್ಲ ಅರ್ಪಿತಾ. ನೋಡಿ, ಓಡುವುದನ್ನು ಹೆಬ್ಬೆರಳಿನ ಕೆಳಗಿದ್ದ ಸ್ಪೇಸ್ ಬಾರಿಗೆ ತಂದೆ, ತಿನ್ನುವುದನ್ನು ತೋರುಬೆರಳ ಪಕ್ಕದ ಜಿಗೆ ತಂದೆ. ಆಟ ಮಾಡಿದವರು ಇಟ್ಟಿದ್ದನ್ನು ಬದಲಾಯಿಸಬಹುದೇ ಎಂದು ನಾನು ಹೆದರಿಕೊಂಡು ಕೇಳಿದಾಗ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅವ್ರೇನು ನಿಮ್ ಕೈ ನೋಡಿ ಇಟ್ಟಿದ್ರಾ? ಕೀ ಇದ್ದಲ್ಲಿಗೆ ಬೆರಳು ಹೋಗೋದಲ್ಲ ಅತ್ತೆ, ಬೆರಳು ಇದ್ದಲ್ಲಿಗೆ ಕೀ ಬರ್ಬೇಕು." ಅವತ್ತು ನಾನು ಮೊದಲ ಸಲ ಕಾಡುಹಂದಿಯನ್ನು ಹಿಂದೆ ಹಾಕಿ ಓಡಿದೆ. ನೀನು ಚಪ್ಪಾಳೆ ತಟ್ಟಿದ ಸದ್ದಿಗೆ ನಿನ್ನ ಮಾವನವರು ನಿದ್ದೆಯಿಂದ ಎದ್ದು ಬಂದಿದ್ದರು.

ಆಷಾಢ ಹುಟ್ಟಿದ ಮೇಲಿನ ಆ ಹಿತ್ತಿಲ ಬಾಗಿಲು ನೆನಪಿದೆಯೇ? ನೀನು ತವರಿಗೆ ಹೋದ ಮಾರನೆಯ ದಿನ ಆಟದಲ್ಲಿ ನೀನು ಮನೆಯ ಒಳಗಿದ್ದೆ, ನಾನು ಅಂಗಳದಲ್ಲೇ ನಿಂತೆ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಕಂಪ್ಯೂಟರಿನ ಹೊಸಿಲಿಗೂ ಆ ಶಾಸ್ತ್ರ ಉಂಟೋ ಇಲ್ಲವೋ, ಯಾರನ್ನು ಕೇಳಲಿ? ಮಠದ ಸ್ವಾಮಿ ಬುದ್ಧಿಯವರನ್ನು ಕೇಳಿದರೆ ನಕ್ಕಾರು. ನೀನು ನಗಲೂ ಇಲ್ಲ, ವಾದಿಸಲೂ ಇಲ್ಲ. ಗೋಡೆ ಒಡೆದು ಹಿತ್ತಿಲ ಕಡೆಗೊಂದು ಬಾಗಿಲು ಇಟ್ಟು, "ಮುಂಬಾಗಿಲು ನಂದು, ಇದು ನಿಮ್ದು" ಎಂದು ಬರೆದೆ. ನಾನು ಕೇಳುವ ಮೊದಲೇ ನನಗೊಂದು ಬಾಗಿಲು ಮಾಡಿಕೊಟ್ಟವಳು ನೀನು.

ನೀನು ಕೇಳಿದಾಗ ನಾವು ಏನು ಮಾಡಿದೆವು ಎಂಬುದೇ ನನ್ನ ಸಂಕಟ. ಅಡುಗೆಮನೆಯ ಗೋಡೆಗೆ ಡಬ್ಬಿ ಇಡಲು ಆ ಹಲಗೆ ಹಾಕಿಸಿದವರು ನನ್ನ ಅತ್ತೆ. ಅವರು ಗಂಡಸರ ಸಮಕ್ಕೆ ನಿಲ್ಲುವ ಆಳು, ಕೈ ಎತ್ತಿದರೆ ಜಂತೆ ಸಿಗುತ್ತಿತ್ತು. ಅವರು ಹೋದ ಮೇಲೂ ಡಬ್ಬಿಗಳು ಅಲ್ಲೇ ಉಳಿದವು. ನಾನು ಈ ಮನೆಗೆ ಬಂದಂದಿನಿಂದ ಮಣೆಯ ಮೇಲೆ ನಿಂತು ಉಪ್ಪು ಇಳಿಸುತ್ತಿದ್ದೇನೆ. ಅದನ್ನು ಕಷ್ಟ ಎಂದುಕೊಳ್ಳಬೇಕೆಂದೇ ನನಗೆ ಹೊಳೆದಿರಲಿಲ್ಲ. ನೀನು ಹೋಗುವ ಹಿಂದಿನ ವಾರ ಡಬ್ಬಿಗಳನ್ನೆಲ್ಲ ಇಳಿಸಿ ಒಲೆಕಟ್ಟೆಯ ಕೆಳಗೆ ಜೋಡಿಸಿದೆ. ಸಂಜೆ ನಿನ್ನ ಮಾವನವರು ನೋಡಿ, "ನಮ್ಮವ್ವ ಮಡಗಿದ್ದ ಜಾಗ ಕಣಮ್ಮ ಅದು, ಅಲ್ಲೇ ಇರ್ಲಿ" ಎಂದು ತಾವೇ ಮತ್ತೆ ಮೇಲಿಟ್ಟರು. ಗದರಲಿಲ್ಲ, ನಯವಾಗಿಯೇ ಹೇಳಿದರು, ಅದಕ್ಕೇ ಎದುರಾಡುವುದೂ ಕಷ್ಟವಾಯಿತು. ನೀನು ನನ್ನ ಮುಖ ನೋಡಿದೆ. ನಾನು ಅಕ್ಕಿ ಆರಿಸುತ್ತಾ ಕೂತೆ. ಆಮೇಲೆ ಪಾತ್ರೆ ತೊಳೆಯುತ್ತಾ ನೀನು ಒಂದೇ ಮಾತು ಹೇಳಿದೆ, "ಈ ಮನೇಲಿ ನನ್ ಕೈಗೆ ಏನೂ ಸಿಗಲ್ಲ ಅತ್ತೆ." ಡಬ್ಬಿಯ ಮಾತು ಎಂದುಕೊಂಡು ಮಣೆಯನ್ನು ನಿನ್ನ ಕಡೆ ಸರಿಸಿದೆ ನೋಡು, ಎಂಥ ದಡ್ಡಿ ನಾನು.

ಈಗ ಒಂದು ಒಳ್ಳೆಯ ಸುದ್ದಿ. ಅಮೃತೇಶನ ಸಹಾಯ ಕೇಳದೆ, ನಾನೇ ಕನ್ನಡಕ ಏರಿಸಿಕೊಂಡು ಸೆಟ್ಟಿಂಗ್ಸ್ ಒಳಗೆ ಹೋಗಿ ನನ್ನ ಕೀಗಳನ್ನೆಲ್ಲ ಮತ್ತೆ ಇಟ್ಟುಕೊಂಡೆ. ನಿನ್ನವನ್ನೂ ಇಟ್ಟಿದ್ದೇನೆ. ನಿನ್ನ ಪಕ್ಕದಲ್ಲಿ ಕೂತು ಪರದೆಗಿಂತ ನಿನ್ನ ಬೆರಳುಗಳನ್ನೇ ಹೆಚ್ಚು ನೋಡಿದ್ದೆನಲ್ಲ, ಎಲ್ಲ ನೆನಪಿಗೆ ಬಂತು. ನಕ್ಷೆಗೆ ಕ್ಯು, ಚೀಲ ಬಿಚ್ಚಲು ಟ್ಯಾಬ್, ಅವಿತುಕೊಳ್ಳಲು ಸಿ. ಕಂಟ್ರೋಲ್ ಜೊತೆಗೆ ಇನ್ನೊಂದನ್ನು ಒತ್ತಿ ಮನೆಯ ದೀಪಗಳನ್ನೆಲ್ಲ ಒಟ್ಟಿಗೇ ಹಚ್ಚುತ್ತಿದ್ದೆಯಲ್ಲ, ಅದೊಂದು ಯಾವುದೆಂದು ಎಷ್ಟು ತಲೆ ಕೆರೆದುಕೊಂಡರೂ ತಿಳಿಯಲಿಲ್ಲ. ನನಗೆ ತೋಚಿದ್ದನ್ನು ಇಡಬಾರದೆಂದು ಖಾಲಿ ಬಿಟ್ಟಿದ್ದೇನೆ. ಚಾವಣಿಗೆ ಈ ಸಲ ಹುಲ್ಲಲ್ಲ, ಹೆಂಚು ಹಾಕಿದ್ದೇನೆ. ಹಸುವೂ ತಾನಾಗಿಯೇ ಮನೆಗೆ ಬಂತು. ಬಾಗಿಲು ಎರಡೂ ಇವೆ. ದೀಪ ಮಾತ್ರ ಹತ್ತಿಲ್ಲ.

ಗುರುವಾರ ಭೀಮನ ಅಮಾವಾಸ್ಯೆ, ಶುಕ್ರವಾರ ಶ್ರಾವಣ ಹುಟ್ಟುತ್ತದೆ. ಬಾ ಎಂದು ಅಪ್ಪಣೆ ಮಾಡುತ್ತಿಲ್ಲ, ನೀನಿಲ್ಲದೆ ನನಗೆ ಮನೆ ಬಿಕೋ ಎನ್ನುತ್ತಿದೆ ಎಂದು ಹೇಳುತ್ತಿದ್ದೇನೆ, ಅಷ್ಟೇ. ಬೀಗರಿಗೆ, ಬೀಗಿತ್ತಿಯವರಿಗೆ ನಮ್ಮೆಲ್ಲರ ಶರಣು ತಿಳಿಸು. ಲ್ಯಾಪ್‌ಟಾಪು ಬಿಟ್ಟುಕೊಟ್ಟ ನಿನ್ನ ತಮ್ಮನಿಗೆ ಒಳ್ಳೆಯ ಬುದ್ಧಿ ಬರಲಿ. ನಂಜುಂಡೇಶ್ವರ ನಿನ್ನನ್ನು ಕೆಮ್ಮಿಲ್ಲದೆ, ಕಣ್ಣೀರಿಲ್ಲದೆ ಇಟ್ಟಿರಲಿ.

ಇಂತಿ ನಿನ್ನ ಅತ್ತೆ,
ಗುರುಬಸಮ್ಮ

ಮರೆತಿದ್ದೆ: ಪುಟ್ಟಸ್ವಾಮಿ ಗಾಡಿ ಸ್ಟಾರ್ಟ್ ಮಾಡಿಕೊಂಡು ಕೂಗುತ್ತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಹೋದ ಗುರುವಾರ ಬಡಗಿ ಕುಮಾರನನ್ನು ಕರೆಸಿ ಹಲಗೆ ಕೀಳಿಸಿದೆ. "ಆಸಾಡದಲ್ಲಿ ಒಸ ಕೆಲ್ಸ ಬ್ಯಾಡ ಕಣವ್ವ" ಎಂದ ಅವನು. ಹೊಸದಲ್ಲಪ್ಪ, ಇರುವುದನ್ನೇ ಇಳಿಸು ಎಂದೆ. ನಿನ್ನ ಮಾವನವರು "ನಮ್ಮವ್ವನ ಅಲಗೆ ಕೀಳುಸ್ತೀಯಾ?" ಎಂದು ಕೇಳಿದರು. "ನಿಮ್ಮವ್ವ ಅವ್ರ ಕೈಗೆ ಸಿಗೋ ಕಡೆ ಮಡಗಿದ್ರು, ನಾವು ನಮ್ ಕೈಗೆ ಸಿಗೋ ಕಡೆ ಮಡಗ್ತೀವಿ ಕಣ್ರೀ" ಎಂದುಬಿಟ್ಟೆ. ಎರಡು ದಿನ ಮಾತು ಬಿಟ್ಟಿದ್ದರು. ನಿನ್ನೆ ತಾವೇ ಬಂದು ಹಲಗೆಯ ಒಂದು ತುದಿ ಹಿಡಿದುಕೊಂಡರು. ಸೊಸೆ ಎಷ್ಟು ಎತ್ತರ ಎಂದು ಕುಮಾರ ಕೇಳಿದಾಗ ಅಮೃತೇಶ ತನ್ನ ಭುಜ ಮುಟ್ಟಿ ತೋರಿಸಿದ, ಆ ಅಳತೆಗೇ ಹೊಡೆಸಿದ್ದೇವೆ. ಹಲಗೆ ಖಾಲಿ ಇದೆ. ಡಬ್ಬಿಗಳೆಲ್ಲ ನಡುಮನೆಯ ನೆಲದ ಮೇಲಿವೆ, ಎಲ್ಲರೂ ಅವುಗಳನ್ನು ದಾಟಿಕೊಂಡು ಓಡಾಡುತ್ತಿದ್ದೇವೆ. ನೀನು ಬಂದು ನಿನ್ನ ಕೈಗೆ ಸಿಗುವ ಹಾಗೆ ಇಡುವವರೆಗೂ ಅವು ಅಲ್ಲೇ ಇರುತ್ತವೆ. ಕಾಫಿಪುಡಿ ಡಬ್ಬಿ ಒಂದನ್ನು ಮಾತ್ರ ನನ್ನ ಹೆಬ್ಬೆರಳ ಹತ್ತಿರ ಇಡಮ್ಮ.